ಶಹಬ್ಬಾಸ್ ಸಾಕು, ಹೆಗಲು ಕೊಡಿ

ಓದು, ಕೆಲಸ, ಗೆಳೆತನ ಎಂದು ಬದುಕು ತೆರೆದುಕೊಳ್ಳಬೇಕಾದ ವಯಸ್ಸಿನಲ್ಲೇ ಅಪ್ಪನ, ಅಮ್ಮನ, ಅಜ್ಜಿಯ ಹಾಸಿಗೆ ಪಕ್ಕ ಕೂತಿರುವ ಯುವಕ ಯುವತಿಯರು ನಮ್ಮ ನಡುವೆ ಬಹಳ ಮಂದಿ. ರೋಗಿ ಹೇಗಿದ್ದಾರೆ ಎಂದು ಎಲ್ಲರೂ ಕೇಳುತ್ತಾರೆ. ರೋಗಿಯನ್ನು ನೋಡಿಕೊಳ್ಳುವ ಮಗಳು ಹೇಗಿದ್ದಾಳೆ ಎಂದು ಕೇಳುವವರು ಕಡಿಮೆ.

‘ಹದಿನಾಲ್ಕನೇ ಬೆಡ್ ಕಡೆಯವರು ಯಾರ್ರೀ?’

ಜಿಲ್ಲಾ ಆಸ್ಪತ್ರೆಯ ಯಾವ ವಾರ್ಡಿಗೆ ಹೋದರೂ ಇಂಥದೊಂದು ಕೂಗು ಕಿವಿಗೆ ಬೀಳುತ್ತದೆ. ಕಾರಿಡಾರಿನ ಗೋಡೆಗೊರಗಿ ಕೂತಿದ್ದ ಹುಡುಗಿಯೊಬ್ಬಳು ಎದ್ದು ಓಡಿಬರುತ್ತಾಳೆ. ಕೈಯಲ್ಲಿ ರಿಪೋರ್ಟು ತುಂಬಿದ ಪ್ಲಾಸ್ಟಿಕ್ ಕವರು, ಹೆಗಲಲ್ಲಿ ಕಾಲೇಜಿನ ಬ್ಯಾಗು. ಬ್ಯಾಗಿನಲ್ಲಿ ಈಗ ಪುಸ್ತಕದ ಜಾಗಕ್ಕೆ ಬೆಡ್‌ಶೀಟು, ಫ್ಲಾಸ್ಕು, ಮೊಬೈಲ್ ಚಾರ್ಜರ್ ಬಂದಿವೆ. ನರ್ಸ್ ಅವಳ ಮುಖ ನೋಡಿ, ‘ದೊಡ್ಡೋರು ಯಾರೂ ಬಂದಿಲ್ವಾಮ್ಮ?’ ಎಂದು ಕೇಳುತ್ತಾರೆ. ಅವಳ ಮನೆಯ ದೊಡ್ಡವರು ಆ ಹದಿನಾಲ್ಕನೇ ಬೆಡ್ಡಿನಲ್ಲೇ ಮಲಗಿದ್ದಾರೆ. ಆಪರೇಷನ್ನಿಗೆ ಸಹಿ ಹಾಕುವವಳು ಅವಳೇ, ರಕ್ತ ಹೊಂದಿಸುವವಳು ಅವಳೇ. ರೌಂಡ್ಸಿಗೆ ಬಂದ ಡಾಕ್ಟರು ಅರ್ಧ ನಿಮಿಷದಲ್ಲಿ ಹೇಳಿಹೋದದ್ದನ್ನು ಅರ್ಥ ಮಾಡಿಕೊಂಡು ಸಂಜೆಯೆಲ್ಲ ಬಂಧುಗಳಿಗೆ ಫೋನಿನಲ್ಲಿ ವಿವರಿಸುವವಳೂ ಅವಳೇ. ವಯಸ್ಸು ಇಪ್ಪತ್ತೋ ಇಪ್ಪತ್ತೊಂದೋ.

ಇಂಥವರು ಎಲ್ಲ ಕಡೆಯೂ ಇದ್ದಾರೆ. ಡಯಾಲಿಸಿಸ್ ಕೇಂದ್ರದ ಹೊರಗಿನ ಬೆಂಚಿನಲ್ಲಿ ಕೂತು ಅಸೈನ್‌ಮೆಂಟ್ ಬರೆಯುವವರು, ಅಕ್ಕನ ಫೈಲು ಹಿಡಿದು ನಿಮ್ಹಾನ್ಸ್‌ನ ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆಯೇ ಸರತಿ ನಿಂತವರು, ಅಮ್ಮನ ಕಿಮೋಥೆರಪಿಗೆಂದು ದೂರದ ಊರಿಂದ ಕಿದ್ವಾಯಿ ಆಸ್ಪತ್ರೆಗೆ ಬಂದು ಆವರಣದಲ್ಲೇ ರಾತ್ರಿ ಕಳೆಯುವವರು. ಇನ್ನೂ ಹೆಚ್ಚು ಮಂದಿ ಯಾರ ಕಣ್ಣಿಗೂ ಬೀಳದೆ ಮನೆಯೊಳಗೇ ಇದ್ದಾರೆ. ನೆಂಟರು ಇವರ ಬೆನ್ನು ತಟ್ಟಿ ‘ಶಹಬ್ಬಾಸ್, ಇದ್ದರೆ ಇಂಥ ಮಕ್ಕಳಿರಬೇಕು’ ಎನ್ನುತ್ತಾರೆ. ಆ ಮಾತಿನಲ್ಲಿ ಪ್ರೀತಿಯಿದೆ. ಆದರೆ ಅದನ್ನು ಹೇಳಿ ಅವರು ಬಸ್ಸು ಹತ್ತಿದ ಮೇಲೆ ಹೊರೆ ಮೊದಲು ಎಲ್ಲಿತ್ತೋ ಅಲ್ಲೇ ಇರುತ್ತದೆ. ಈ ಮಕ್ಕಳ ಮನಸ್ಸು ಕುಸಿಯದಂತೆ ನೋಡಿಕೊಳ್ಳಬೇಕಾದರೆ ಅವರ ದುಡಿಮೆಯಲ್ಲಿ ಪಾಲು ತೆಗೆದುಕೊಳ್ಳಬೇಕು. ಉಳಿದ ಸಾಂತ್ವನವೆಲ್ಲ ಅದರ ನಂತರ.

ಎಣಿಕೆಗೆ ಸಿಗದವರು

ಮನೆಯ ಸದಸ್ಯರ ಆರೈಕೆಗೆ ಯಾರು ಎಷ್ಟು ಹೊತ್ತು ಕೊಡುತ್ತಾರೆ ಎಂಬುದರ ಚಿತ್ರ ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಿಗುತ್ತದೆ. 15ರಿಂದ 59 ವಯಸ್ಸಿನ ಮಹಿಳೆಯರಲ್ಲಿ ಶೇ 41ರಷ್ಟು ಮಂದಿ ಸಂಬಳವಿಲ್ಲದ ಈ ಕೆಲಸದಲ್ಲಿ ತೊಡಗಿದ್ದಾರೆ. ಪುರುಷರಲ್ಲಿ ಈ ಪ್ರಮಾಣ ಶೇ 21.4. ತೊಡಗಿದ ಮಹಿಳೆಯರು ದಿನಕ್ಕೆ ಸುಮಾರು 140 ನಿಮಿಷ ಕೊಟ್ಟರೆ ಪುರುಷರು ಕೊಡುವುದು 74 ನಿಮಿಷ. ಇದರಲ್ಲಿ ಮಕ್ಕಳನ್ನು ನೋಡಿಕೊಳ್ಳುವುದೂ ಸೇರಿದೆ. ಹಾಗಾಗಿ ಕಾಯಿಲೆ ಬಿದ್ದ ತಂದೆಯನ್ನು ನೋಡಿಕೊಳ್ಳುತ್ತಿರುವ ಪದವಿ ವಿದ್ಯಾರ್ಥಿ ಈ ಅಂಕಿಗಳಲ್ಲಿ ಬೇರೆಯಾಗಿ ಕಾಣುವುದಿಲ್ಲ. 2011ರ ಜನಗಣತಿಯಲ್ಲೂ ಅವನ ಬಗ್ಗೆ ಪ್ರಶ್ನೆ ಇರಲಿಲ್ಲ.

ಬ್ರಿಟನ್ನಿನಲ್ಲಿ 2001ರ ಜನಗಣತಿಯಲ್ಲೇ ‘ಸಂಬಳವಿಲ್ಲದೆ ಯಾರನ್ನಾದರೂ ಆರೈಕೆ ಮಾಡುತ್ತಿದ್ದೀರಾ’ ಎಂದು ಕೇಳಲಾಯಿತು. ಸಾಲ್ ಬೆಕರ್ ಅವರಂಥ ಸಂಶೋಧಕರು ಅದಕ್ಕೂ ಮೊದಲಿನಿಂದಲೇ ಮನೆಯಲ್ಲಿ ಆರೈಕೆಯ ಹೊಣೆ ಹೊತ್ತ ಮಕ್ಕಳ ಬಗ್ಗೆ ಬರೆಯುತ್ತಾ ಬಂದಿದ್ದರು. 2014ರಲ್ಲಿ ಇಂಗ್ಲೆಂಡಿನಲ್ಲಿ ಕಾನೂನೇ ಬಂತು. ಇಂಥ ಮಕ್ಕಳಿಗೆ ಏನು ನೆರವು ಬೇಕು, 18 ತುಂಬಿದ ಮೇಲೆ ಓದು ಉದ್ಯೋಗಕ್ಕೆ ಏನು ಅನುಕೂಲ ಬೇಕು ಎಂದು ಅಂದಾಜು ಮಾಡುವುದು ಅಲ್ಲಿನ ಸ್ಥಳೀಯ ಆಡಳಿತದ ಕರ್ತವ್ಯ. ನಮ್ಮಲ್ಲಿ ಕುಟುಂಬ ಇದೆಯಲ್ಲ, ಅದೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಇದ್ದುದರಿಂದ ಈ ಪ್ರಶ್ನೆಯೇ ಏಳಲಿಲ್ಲ. ಆದರೆ ಆ ಕುಟುಂಬ ಈಗ ಎಷ್ಟು ಜನರದ್ದು ಎಂದು ನೋಡಬೇಕು. ದೊಡ್ಡಮ್ಮ, ಚಿಕ್ಕಪ್ಪ, ಮನೆಯಲ್ಲೇ ಉಳಿದ ಸೋದರತ್ತೆ ಎಲ್ಲರೂ ಒಂದೇ ಸೂರಿನಡಿ ಇದ್ದಾಗ ರಾತ್ರಿ ಸರದಿ ಹಂಚಿಕೊಳ್ಳಲು ನಾಲ್ಕು ಕೈ ಸಿಗುತ್ತಿದ್ದವು. ಇಂದು ಅಪ್ಪ, ಅಮ್ಮ, ಒಂದೋ ಎರಡೋ ಮಕ್ಕಳು. ಒಬ್ಬರು ಮಲಗಿದರೆ ಇನ್ನೊಬ್ಬರು ದುಡಿಯಲೇಬೇಕು. ಉಳಿಯುವುದು ಮಗನೋ ಮಗಳೋ ಒಬ್ಬರೇ.

ಕಾಯಿಲೆಗಳೂ ಬದಲಾಗಿವೆ. ಪಾರ್ಶ್ವವಾಯು, ಮೂತ್ರಪಿಂಡ ವೈಫಲ್ಯ ನಲವತ್ತು ಐವತ್ತರಲ್ಲೇ ಬರುವುದು ನಮ್ಮಲ್ಲಿ ಅಪರೂಪವಲ್ಲ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಬಂದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಸಿಗುವಂತಾಯಿತು. ಅದರಿಂದ ಜೀವಗಳು ಉಳಿದಿವೆ. ಆದರೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಹೋಗಿಬರುವ ಬಸ್ಸಿನ ಹೊತ್ತು ಬೇರೆ. ಜೊತೆಗೆ ಹೋಗುವವರ ವಾರ ಅಲ್ಲೇ ಮುಗಿಯುತ್ತದೆ. ಇನ್ನೊಂದು ಕಡೆ ಆಯುಷ್ಯ ಹೆಚ್ಚಿದಂತೆ ಮರೆವಿನ ಕಾಯಿಲೆಯೂ ಹೆಚ್ಚಿದೆ. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಹಗಲು ಅಜ್ಜಿಯ ಮೇಲೆ ಕಣ್ಣಿಡುವವರು ಕೆಲಸ ಹುಡುಕುತ್ತಿರುವ ಮೊಮ್ಮಕ್ಕಳು. ‘ಹೇಗೂ ಮನೇಲೇ ಇದೀಯಲ್ಲ’ ಎಂಬ ಒಂದು ಮಾತಿನಲ್ಲಿ ಈ ಹೊಣೆ ಅವರಿಗೆ ದಾಟಿಬಿಡುತ್ತದೆ.

ಒಂದು ಮನೆಯ ಹಗಲು ರಾತ್ರಿ

ಪಾರ್ಶ್ವವಾಯು ಬಡಿದು ಮಲಗಿರುವ ತಂದೆ, ಬೆಳಿಗ್ಗೆ ಎಂಟಕ್ಕೆಲ್ಲ ಗಾರ್ಮೆಂಟ್ಸಿಗೆ ಹೊರಡುವ ತಾಯಿ, ಡಿಗ್ರಿ ಕೊನೆಯ ವರ್ಷದ ಮಗ. ಇಂಥದೊಂದು ಮನೆಯನ್ನು ಕಣ್ಮುಂದೆ ತಂದುಕೊಳ್ಳಿ.

ತಂದೆಗೆ ನುಂಗಲಾಗದು. ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಇಳಿಸಿ ಮನೆಗೆ ಕಳಿಸಿದ್ದಾರೆ. ರಾಗಿ ಗಂಜಿಯನ್ನು ತೆಳ್ಳಗೆ ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಬೇಕು. ಒಂದು ಗಂಟು ಉಳಿದರೂ ಟ್ಯೂಬ್ ಕಟ್ಟಿಕೊಳ್ಳುತ್ತದೆ. ದಿಂಬು ಒಟ್ಟಿ ತಲೆಭಾಗ ಎತ್ತರಿಸಿ, ಟ್ಯೂಬ್ ಜಾರಿಲ್ಲವೆಂದು ಗುರುತು ನೋಡಿಕೊಂಡು, ಸಿರಿಂಜಿನಲ್ಲಿ ನಿಧಾನವಾಗಿ ಬಿಡಬೇಕು. ಕೊನೆಗೆ ಸ್ವಲ್ಪ ನೀರು ಹಾಯಿಸಿ ಟ್ಯೂಬ್ ತೊಳೆಯಬೇಕು. ಆಮೇಲೆ ಅರ್ಧ ಗಂಟೆಯಾದರೂ ಹಾಗೇ ಕೂರಿಸಿರಬೇಕು, ಗಂಜಿ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಇದು ಒಂದು ಹೊತ್ತಿನ ಊಟ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸುವಾಗ ಸೊಂಟ, ಹಿಮ್ಮಡಿ, ಭುಜದ ಹಿಂಭಾಗ ಕೆಂಪಾಗಿದೆಯೇ ಎಂದು ನೋಡಬೇಕು. ಒಮ್ಮೆ ಹಾಸಿಗೆ ಹುಣ್ಣು ಎದ್ದರೆ ಮಾಯುವುದು ಬಹಳ ಕಷ್ಟ. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಮೊಬೈಲಿನಲ್ಲಿ ಅಲಾರಂ. ಎಂಟೂವರೆಗೆ ಮೊದಲ ಕ್ಲಾಸು.

ಅಪ್ಪನ ಡೈಪರ್ ಬದಲಿಸುವ ಕೆಲಸವೂ ಮಗನದೇ. ಮೊನ್ನೆ ಮೊನ್ನೆಯವರೆಗೆ ಎದುರು ನಿಂತು ಮಾತಾಡಲು ಹೆದರುತ್ತಿದ್ದ ಅಪ್ಪ ಈಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಾರೆ. ಇಬ್ಬರೂ ಮಾತಾಡುವುದಿಲ್ಲ. ಕೆಲಸ ಮುಗಿಸಿ ಕೈ ತೊಳೆದು ಬಂದ ಹುಡುಗ ಫೋನು ನೋಡಿದರೆ ಗೆಳೆಯರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಗೋಕರ್ಣದ ಟ್ರಿಪ್ಪಿನ ಫೋಟೊಗಳು. ‘ನೀನು ಹೇಗೂ ಬರಲ್ಲ ಅಂತ ಕೇಳಲಿಲ್ಲ ಮಗಾ’ ಎಂದು ಯಾರೋ ಬರೆದಿರುತ್ತಾರೆ.

ಆಸ್ಪತ್ರೆಯಿಂದ ಡಿಸ್‌ಚಾರ್ಜ್ ಮಾಡುವಾಗ ಇದನ್ನೆಲ್ಲ ಅವನಿಗೆ ಐದು ನಿಮಿಷದಲ್ಲಿ ತೋರಿಸಿ ಕಳಿಸಿರುತ್ತಾರೆ. ತರಬೇತಿ ಪಡೆದ ನರ್ಸ್ ಮಾಡುವ ಕೆಲಸವನ್ನು ಇಪ್ಪತ್ತೊಂದರ ಹುಡುಗ ಭಯದಿಂದಲೇ ಕಲಿಯುತ್ತಾನೆ. ತನ್ನ ಕೈತಪ್ಪಿನಿಂದ ಅಪ್ಪನಿಗೆ ಏನಾದರೂ ಆದರೆ ಎಂಬ ಭಯ ಅವನ ನಿದ್ದೆಯಲ್ಲೂ ಇರುತ್ತದೆ.

ಹೇಳಿಕೊಳ್ಳಲಾಗದ ಭಾವನೆಗಳು

ಇಂಥ ಮನೆಗಳ ಮಕ್ಕಳನ್ನು ಕಾಡುವುದು ದಣಿವೊಂದೇ ಆಗಿದ್ದರೆ ಒಂದು ದಿನದ ನಿದ್ದೆಗೆ ಪರಿಹಾರವಾಗುತ್ತಿತ್ತು. ಅದರ ಕೆಳಗೆ ಹೇಳಿಕೊಳ್ಳಲು ನಾಚಿಕೆಯಾಗುವ ಭಾವನೆಗಳಿವೆ.

ಮೊದಲನೆಯದು ಸಿಟ್ಟು. ಒಂದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳುವ ಅಜ್ಜಿಯ ಮೇಲೆ ರೇಗುತ್ತದೆ. ರೇಗಿದ ಮರುಕ್ಷಣ ‘ನಾನೆಂಥ ಪಾಪಿ’ ಎಂಬ ಅಪರಾಧ ಭಾವ ಬರುತ್ತದೆ. ಅದನ್ನು ತೊಳೆದುಕೊಳ್ಳಲು ಇನ್ನಷ್ಟು ದುಡಿಯುತ್ತಾರೆ, ಇನ್ನಷ್ಟು ದಣಿಯುತ್ತಾರೆ, ಮತ್ತೆ ರೇಗುತ್ತಾರೆ. ಇದೊಂದು ಸುಳಿ. ‘ಇದೆಲ್ಲ ಒಂದು ಸಲ ಮುಗಿದುಹೋಗಲಿ’ ಎಂಬ ಯೋಚನೆ ಎಂದೋ ಒಂದು ರಾತ್ರಿ ಮನಸ್ಸಿಗೆ ಬಂದರೆ ಅಪ್ಪ ಸಾಯಲಿ ಎಂದುಕೊಂಡೆನಲ್ಲ ಎಂದು ತಮ್ಮನ್ನು ತಾವು ಕ್ಷಮಿಸಿಕೊಳ್ಳುವುದಿಲ್ಲ. ದೀರ್ಘಕಾಲ ರೋಗಿಯ ಜೊತೆಗಿರುವವರಿಗೆ ಇಂಥ ಯೋಚನೆ ಬರುವುದು ತೀರಾ ಸಹಜ. ಅದು ಪ್ರೀತಿ ಬತ್ತಿದ್ದರ ಗುರುತಲ್ಲ, ಕಷ್ಟ ಮುಗಿಯಲಿ ಎಂದು ಬಳಲಿದ ಮನಸ್ಸು ಬೇಡುವ ರೀತಿ ಅದು. ಈ ಒಂದು ಮಾತನ್ನು ಯಾರಾದರೂ ಹೇಳಿದ್ದರೆ ಎಷ್ಟೋ ಮಕ್ಕಳ ಎದೆಭಾರ ಇಳಿಯುತ್ತಿತ್ತು.

ಎರಡನೆಯದು ದುಃಖ, ಆದರೆ ಸಾವಿಲ್ಲದ ದುಃಖ. ಮಗಳ ಹೆಸರೇ ಮರೆತ ತಾಯಿ ಎದುರಿಗೇ ಕೂತಿದ್ದಾರೆ, ಆದರೆ ಆ ಹಳೆಯ ತಾಯಿ ಇಲ್ಲ. ಅಮೆರಿಕದ ಕುಟುಂಬ ಚಿಕಿತ್ಸಾ ತಜ್ಞೆ ಪಾಲಿನ್ ಬಾಸ್ 1970ರ ದಶಕದಿಂದ ಈ ಬಗೆಯ ಅಸ್ಪಷ್ಟ ನಷ್ಟವನ್ನು ಅಧ್ಯಯನ ಮಾಡಿದವರು. ಆಳು ಕಣ್ಣೆದುರಿದ್ದೂ ಇಲ್ಲದಂತಾದಾಗ, ಅಥವಾ ಆಳು ಕಾಣೆಯಾಗಿ ಬದುಕಿದ್ದಾರೋ ಇಲ್ಲವೋ ತಿಳಿಯದಾದಾಗ, ದುಃಖಕ್ಕೆ ಒಂದು ಕೊನೆ ಸಿಗುವುದಿಲ್ಲ ಎಂಬುದು ಅವರು ಕಂಡುಕೊಂಡ ಸತ್ಯ. ಸಾವಿನ ದುಃಖಕ್ಕೆ ನಮ್ಮಲ್ಲಿ ಹದಿಮೂರು ದಿನಗಳ ವ್ಯವಸ್ಥೆಯಿದೆ, ಹನ್ನೊಂದನೆಯ ದಿನ ಹದಿಮೂರನೆಯ ದಿನ ಎಂದು ನೆಂಟರೆಲ್ಲ ಸೇರುತ್ತಾರೆ, ಅಳಲು ಅವಕಾಶವಿರುತ್ತದೆ. ಬದುಕಿರುವ ತಾಯಿಗಾಗಿ ಅಳುವ ಮಗಳಿಗೆ ಅಂಥ ಯಾವ ಆಸರೆಯೂ ಇಲ್ಲ. ಅತ್ತರೆ ‘ಅಪಶಕುನ, ಹಾಗೆಲ್ಲ ಅಳಬೇಡ’ ಎನ್ನುತ್ತಾರೆ.

ಮೂರನೆಯದು ತನ್ನ ಬದುಕಿನ ಬಗೆಗಿನ ಭಯ. ನಲವತ್ತೈದರಲ್ಲಿ ಆರೈಕೆ ಮಾಡುವವರಿಗೆ ಒಂದು ಉದ್ಯೋಗ, ಒಂದು ಸಂಸಾರ ನೆಲೆಗೊಂಡಿರುತ್ತದೆ. ಇಪ್ಪತ್ತರಲ್ಲಿ ಯಾವುದೂ ಆಗಿರುವುದಿಲ್ಲ. ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾಗಿ ಪುಣೆಗೋ ಹೈದರಾಬಾದಿಗೋ ಹೋಗಬೇಕಾದ ಹುಡುಗಿ ‘ಅಮ್ಮನ್ನ ಯಾರು ನೋಡ್ಕೊಳ್ತಾರೆ’ ಎಂದು ಆಫರ್ ಬಿಡುತ್ತಾಳೆ. ಎರಡು ವರ್ಷದ ನಂತರ ‘ಇಷ್ಟು ದಿನ ಏನು ಮಾಡುತ್ತಿದ್ದಿರಿ’ ಎಂದು ಸಂದರ್ಶನದಲ್ಲಿ ಕೇಳಿದಾಗ ಉತ್ತರ ತಡವರಿಸುತ್ತದೆ. ಅವಳು ಆ ಎರಡು ವರ್ಷ ಔಷಧಗಳ ಲೆಕ್ಕ, ಆಸ್ಪತ್ರೆಯ ಬಿಲ್ಲು, ವಿಮೆಯ ಕಾಗದಪತ್ರ, ಮನೆಯ ಖರ್ಚು ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ್ದಾಳೆ. ಅದನ್ನು ಅನುಭವವೆಂದು ಬರೆಯಲು ಬಯೋಡೇಟಾದಲ್ಲಿ ಕಾಲಂ ಇಲ್ಲ.

ಮನಸ್ಸಿನ ಈ ಒತ್ತಡ ದೇಹಕ್ಕೂ ಇಳಿಯುತ್ತದೆ. 1995ರಲ್ಲಿ ಅಮೆರಿಕದ ಓಹಿಯೊದಲ್ಲಿ ಜಾನಿಸ್ ಕೀಕೋಲ್ಟ್ ಗ್ಲೇಸರ್ ಮತ್ತು ಸಂಗಡಿಗರು ಡಿಮೆನ್ಷಿಯಾ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯರ ಚರ್ಮದ ಮೇಲೆ ಸಣ್ಣ ಗಾಯ ಮಾಡಿ ಅದು ಮಾಯುವುದನ್ನು ಗಮನಿಸಿದರು. ಅದೇ ವಯಸ್ಸಿನ ಇತರ ಮಹಿಳೆಯರಿಗಿಂತ ಇವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ಅವರು ಹಿರಿಯ ವಯಸ್ಸಿನವರು ನಿಜ. ಆದರೂ ಆರೈಕೆಯ ದಣಿವು ರೋಗನಿರೋಧಕ ಶಕ್ತಿಯನ್ನೇ ಮುಟ್ಟುತ್ತದೆ ಎಂಬುದನ್ನು ಇದು ತೋರಿಸಿತು. ಸದಾ ತಲೆನೋವು, ಗ್ಯಾಸ್ಟ್ರಿಕ್, ಮುಟ್ಟಿನ ಏರುಪೇರು ಎಂದು ಮಾತ್ರೆ ನುಂಗುತ್ತಿರುವ ಯುವ ಆರೈಕೆದಾರರಿಗೆ ಡಾಕ್ಟರು ಕೇಳಬೇಕಾದ ಮೊದಲ ಪ್ರಶ್ನೆ, ‘ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳುತ್ತಿದ್ದೀರಾ?’

ಮುಚ್ಚಿದ ಬಾಗಿಲಿನ ಹಿಂದೆ

ರೋಗ ಮನಸ್ಸಿನದ್ದಾದರೆ ಕಷ್ಟ ಇಮ್ಮಡಿ. ಅಣ್ಣನಿಗೆ ಸ್ಕಿಜೋಫ್ರೇನಿಯಾ ಇದೆ ಎಂದು ಊರಿಗೆ ಗೊತ್ತಾದರೆ ತಂಗಿಯ ಮದುವೆ ಮಾತು ನಿಲ್ಲುತ್ತದೆ ಎಂದು ಮನೆಯವರು ಬಾಯಿ ಮುಚ್ಚಿಸುತ್ತಾರೆ. ಗೆಳತಿಯರನ್ನು ಮನೆಗೆ ಕರೆಯುವಂತಿಲ್ಲ, ಕಾಲೇಜಿಗೆ ಏಕೆ ಬರಲಿಲ್ಲ ಎಂದು ನಿಜ ಹೇಳುವಂತಿಲ್ಲ. ಹೊರೆಯ ಜೊತೆ ಗುಟ್ಟನ್ನೂ ಹೊರಬೇಕು.

ಭಾರತದ ಮನೋವೈದ್ಯಶಾಸ್ತ್ರ ಕುಟುಂಬದ ಪಾತ್ರವನ್ನು ಬಹಳ ಹಿಂದೆಯೇ ಗುರುತಿಸಿತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆವರಣದ ಡೇರೆಗಳಲ್ಲಿ ಇರಿಸಿಕೊಂಡು ಚಿಕಿತ್ಸೆಯಲ್ಲಿ ತೊಡಗಿಸಿದರು. ವೆಲ್ಲೂರಿನಲ್ಲಿ, ಬೆಂಗಳೂರಿನಲ್ಲಿ ಆ ದಾರಿ ಮುಂದುವರಿಯಿತು. 1981ರಲ್ಲಿ ನಿಮ್ಹಾನ್ಸ್‌ನ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಅವರು ಮನೋರೋಗಿಯ ಕುಟುಂಬದ ಮೇಲೆ ಬೀಳುವ ಹೊರೆಯನ್ನು ಅಳೆಯಲು ಪ್ರಶ್ನಾವಳಿಯೊಂದನ್ನು ರೂಪಿಸಿದರು. ಹಣದ ಕಷ್ಟ, ಮನೆಯ ದಿನಚರಿಯ ಏರುಪೇರು, ಬಿಡುವಿಲ್ಲದಿರುವುದು, ಮನೆಯವರ ನಡುವಿನ ಸಂಬಂಧ ಕೆಡುವುದು, ಉಳಿದವರ ದೈಹಿಕ ಮತ್ತು ಮಾನಸಿಕ ಆರೋಗ್ಯ ಎಂದು ಆರು ಬಗೆಯಲ್ಲಿ ಅದು ಹೊರೆಯನ್ನು ನೋಡುತ್ತದೆ. ಅಂದರೆ ನಲವತ್ತು ವರ್ಷಗಳ ಹಿಂದೆಯೇ ನಮ್ಮ ಬೆಂಗಳೂರಿನಲ್ಲಿ ಈ ಪ್ರಶ್ನೆಗಳನ್ನು ಕೇಳಿದವರಿದ್ದರು. ಆ ಅಳತೆಗೆ ತಕ್ಕ ನೆರವು ಮಾತ್ರ ತಾಲ್ಲೂಕು ಆಸ್ಪತ್ರೆಯ ಬಾಗಿಲಿನವರೆಗೆ ಪೂರ್ತಿ ತಲುಪಿಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ನು ರೋಗಿಯ ಕುಟುಂಬಕ್ಕೆ ಬೆಂಬಲ ನೀಡುವ ಸೇವೆಗಳನ್ನು ಸರ್ಕಾರ ಒದಗಿಸಬೇಕು ಎಂದು ಹೇಳುತ್ತದೆ. ಕಾನೂನು ಕೊಟ್ಟ ಈ ಮಾತನ್ನು ಹಿಡಿದು ಕೇಳುವ ಹಕ್ಕು ನಮಗಿದೆ.

ಮಗಳೆಂದ ಮೇಲೆ

ಮಗ ಆರೈಕೆ ಮಾಡಿದರೆ ಊರವರು ಶ್ರವಣಕುಮಾರ ಎನ್ನುತ್ತಾರೆ. ಮಗಳು ಮಾಡಿದರೆ ಅಷ್ಟೂ ಹೇಳುವುದಿಲ್ಲ, ಏಕೆಂದರೆ ಅದು ಅವಳು ಮಾಡಬೇಕಾದ್ದೇ ಎಂದು ಎಲ್ಲರೂ ತೀರ್ಮಾನಿಸಿರುತ್ತಾರೆ. ತಮ್ಮನಿಗೆ ಸಿಇಟಿ ಇದೆ, ಅಣ್ಣನಿಗೆ ಕೆಲಸವಿದೆ, ‘ನೀನು ಮುಂದಿನ ವರ್ಷ ಬರಿ’ ಎಂದು ಅವಳ ಪರೀಕ್ಷೆಯನ್ನು ಮುಂದೂಡುತ್ತಾರೆ. ಮದುವೆಯ ಹೊತ್ತಿಗೆ ಅವಳ ಎದುರು ಎರಡು ಅಪವಾದ ಕಾದಿರುತ್ತವೆ: ಮದುವೆಯಾಗಿ ಹೋದರೆ ಅಮ್ಮನನ್ನು ಬಿಟ್ಟುಹೋದಳು, ಹೋಗದಿದ್ದರೆ ವಯಸ್ಸು ಮೀರಿತು.

ಹೊಗಳಿಕೆಗೂ ಒಂದು ಅಪಾಯವಿದೆ. ‘ದೇವರಂಥ ಹುಡುಗ’ ಎಂದು ಕರೆಸಿಕೊಂಡವನು ‘ನನಗೆ ಆಗುತ್ತಿಲ್ಲ’ ಎಂದು ಹೇಳಲಾರ. ದೇವರಂಥವರು ಸುಸ್ತಾಗುವಂತಿಲ್ಲ, ಬೇಸರಪಡುವಂತಿಲ್ಲ, ಸಿನಿಮಾಕ್ಕೆ ಹೋಗುವಂತಿಲ್ಲ. ಹೀಗೆ ಒಳ್ಳೆಯ ಮಾತೇ ಅವನ ಬಾಯಿ ಕಟ್ಟುತ್ತದೆ. ಮಕ್ಕಳನ್ನು ಮೆಚ್ಚುವುದು ಬೇಡವೆಂದಲ್ಲ. ಮೆಚ್ಚಿದ ಮೇಲೆ ‘ನಿನಗೇನು ಕಷ್ಟವಾಗ್ತಿದೆ ಹೇಳಪ್ಪಾ’ ಎಂದು ಕೇಳಿ, ಹೇಳಿದ್ದನ್ನು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಬೇಕು.

ನೆರವು ಹೇಗಿರಬೇಕು?

ಮೊದಲಿಗೆ ಬಿಡುವು. ವಾರದಲ್ಲಿ ನಿಗದಿಯಾದ ಕೆಲವು ಗಂಟೆ ರೋಗಿಯ ಪಕ್ಕ ಬೇರೆ ಯಾರಾದರೂ ಕೂರಬೇಕು. ‘ಏನಾದ್ರೂ ಬೇಕಿದ್ರೆ ಹೇಳು’ ಎಂಬುದು ನೆರವಲ್ಲ, ಏಕೆಂದರೆ ಕೇಳುವ ಸಂಕೋಚವನ್ನೂ ಅದು ಅವರ ತಲೆಗೇ ಕಟ್ಟುತ್ತದೆ. ‘ಭಾನುವಾರ ಹತ್ತರಿಂದ ಎರಡರವರೆಗೆ ನಾನಿರ್ತೀನಿ, ನೀನು ಹೊರಗೆ ಹೋಗಿ ಬಾ’ ಎಂದು ದೊಡ್ಡಪ್ಪನೋ ಪಕ್ಕದ ಮನೆಯ ಆಂಟಿಯೋ ಹೇಳಿದರೆ ಅದು ನೆರವು. ಆ ನಾಲ್ಕು ಗಂಟೆ ಪ್ರತಿ ವಾರವೂ ತಪ್ಪದೆ ಸಿಗುತ್ತದೆ ಎಂಬ ಭರವಸೆಯಿಂದಲೇ ಉಳಿದ ದಿನಗಳನ್ನು ದಾಟುವ ಶಕ್ತಿ ಬರುತ್ತದೆ.

ಎರಡನೆಯದಾಗಿ ಮನೆಯವರೆಲ್ಲ ಕೂತು ಕೆಲಸವನ್ನು ಬರೆದು ಹಂಚಿಕೊಳ್ಳುವುದು. ಔಷಧ ತರುವುದು, ಡಾಕ್ಟರ ಅಪಾಯಿಂಟ್‌ಮೆಂಟ್, ಬಿಲ್ಲು, ಸ್ನಾನ, ರಾತ್ರಿ ಕಾವಲು ಎಂದು ಪಟ್ಟಿ ಮಾಡಿದಾಗಲೇ ಎಷ್ಟೆಲ್ಲ ಒಬ್ಬರ ಮೇಲೇ ಬಿದ್ದಿದೆ ಎಂಬುದು ಉಳಿದವರಿಗೆ ಕಾಣುತ್ತದೆ. ವಿದೇಶದಲ್ಲಿರುವ ಒಡಹುಟ್ಟಿದವರಿಗೂ ಇದರಲ್ಲಿ ಪಾಲಿದೆ. ಅಮೆರಿಕದಿಂದ ವಿಡಿಯೊ ಕರೆ ಮಾಡಿ ‘ಆ ಡಾಕ್ಟರ್ ಬೇಡ, ಈ ಡಾಕ್ಟರಿಗೆ ತೋರಿಸು’ ಎಂದು ಸೂಚನೆ ಕೊಡುವ ಅಣ್ಣ, ತಂಗಿಗೆ ಮಾಡಬಹುದಾದ ದೊಡ್ಡ ಉಪಕಾರಗಳು ಬೇರೆಯೇ ಇವೆ. ವಾರಕ್ಕೆ ಮೂರು ದಿನ ಹೋಮ್ ನರ್ಸ್ ಬರುವ ಖರ್ಚು ಅವನು ಹೊರಬಹುದು. ವಿಮೆ, ಬ್ಯಾಂಕು, ಆನ್‌ಲೈನ್ ಅರ್ಜಿಗಳ ಕೆಲಸವನ್ನು ಪೂರ್ತಿ ತಾನೇ ವಹಿಸಿಕೊಳ್ಳಬಹುದು. ಇಲ್ಲಿ ನಡುರಾತ್ರಿಯಾದಾಗ ಅಲ್ಲಿ ಹಗಲು. ಎಚ್ಚರವಿರುವ ತಂಗಿಯ ಜೊತೆ ಆ ಹೊತ್ತಿನಲ್ಲಿ ಅರ್ಧ ಗಂಟೆ ಮಾತಾಡಬಹುದು. ವರ್ಷದ ರಜೆಗೆ ಬಂದಾಗ ಅಪ್ಪನ ಹೊಣೆ ಪೂರ್ತಿ ತೆಗೆದುಕೊಂಡು ತಂಗಿಯನ್ನು ವಾರವಾದರೂ ಬೇರೆ ಊರಿಗೆ ಕಳಿಸಬಹುದು.

ಮೂರನೆಯದಾಗಿ ಕಲಿಸಿಕೊಡುವುದು. ಮಗ್ಗುಲು ಬದಲಿಸುವಾಗ ತನ್ನ ಸೊಂಟ ಹಿಡಿದುಕೊಳ್ಳದಂತೆ ಹೇಗೆ ಎತ್ತಬೇಕು, ಟ್ಯೂಬ್ ಕಟ್ಟಿಕೊಂಡರೆ ಏನು ಮಾಡಬೇಕು, ಮರೆವಿನ ಕಾಯಿಲೆಯವರು ಹಟ ಹಿಡಿದಾಗ ವಾದಿಸದೆ ಗಮನ ಹೇಗೆ ಬೇರೆಡೆ ತಿರುಗಿಸಬೇಕು ಎಂದು ತಿಳಿದವರಿಗೆ ಭಯ ಕಡಿಮೆ. ಡಿಮೆನ್ಷಿಯಾ ಆರೈಕೆದಾರರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಐಸಪೋರ್ಟ್’ ಎಂಬ ಆನ್‌ಲೈನ್ ತರಬೇತಿಯನ್ನು ಭಾರತದಲ್ಲಿ ನಿಮ್ಹಾನ್ಸ್ ತಜ್ಞರು ಪ್ರಯೋಗಿಸಿ ನೋಡಿದ್ದಾರೆ. ಪ್ರತಿ ಆಸ್ಪತ್ರೆಯೂ ರೋಗಿಯನ್ನು ಮನೆಗೆ ಕಳಿಸುವ ಮುನ್ನ ನೋಡಿಕೊಳ್ಳುವವರಿಂದಲೇ ಒಂದೆರಡು ಸಲ ಆ ಕೆಲಸ ಮಾಡಿಸಿ ನೋಡಿ ಕಳಿಸುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ನಾಲ್ಕನೆಯದಾಗಿ ಮಾತಾಡಲು ಒಂದು ಜಾಗ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಆಪ್ತ ಸಮಾಲೋಚಕರ ಜೊತೆ ಮಾತಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ, ನೋಡಿಕೊಳ್ಳುತ್ತಿರುವವರೂ ತಮ್ಮ ಮನಸ್ಸಿನ ಬಗ್ಗೆ ಹೇಳಿಕೊಳ್ಳಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇಂದು ದೇಶದಾದ್ಯಂತ ಇದೆ. ಅದರ ಮಾದರಿ ಹುಟ್ಟಿದ್ದು ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ. ಕರ್ನಾಟಕದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಾಯಿತು. ಮನೋರೋಗಿಗಳನ್ನು ಹಗಲು ಹೊತ್ತು ನೋಡಿಕೊಳ್ಳುವ ‘ಮಾನಸಧಾರಾ’ ಕೇಂದ್ರಗಳು ಹಲವು ಜಿಲ್ಲೆಗಳಲ್ಲಿವೆ. ಅಣ್ಣ ಹಗಲು ಅಲ್ಲಿದ್ದರೆ ತಂಗಿ ಕಾಲೇಜಿನಲ್ಲಿರಬಹುದು. ಹಿರಿಯ ನಾಗರಿಕರಿಗೆ ಸಂಬಂಧಿಸಿದ ಮಾಹಿತಿಗೆ ರಾಷ್ಟ್ರೀಯ ಸಹಾಯವಾಣಿ 14567 ಇದೆ.

ತಮ್ಮಂತೆಯೇ ಇರುವ ಇನ್ನೊಬ್ಬರ ಮಾತು ಕೊಡುವ ಸಮಾಧಾನವೇ ಬೇರೆ. ವೈದ್ಯ ಅನಿಲ್ ಪಾಟೀಲ್ 2012ರಲ್ಲಿ ಸ್ಥಾಪಿಸಿದ ‘ಕೇರರ್ಸ್ ವರ್ಲ್ಡ್‌ವೈಡ್’ ಸಂಸ್ಥೆ ಸ್ಥಳೀಯ ಸಂಸ್ಥೆಗಳ ಜೊತೆ ಸೇರಿ ಕರ್ನಾಟಕದ ಹಳ್ಳಿಗಳಲ್ಲೂ ಆರೈಕೆದಾರರ ಗುಂಪುಗಳನ್ನು ಕಟ್ಟಿದೆ. ನಮ್ಮ ಸ್ತ್ರೀಶಕ್ತಿ ಸಂಘಗಳಂತೆ ತಿಂಗಳಿಗೊಮ್ಮೆ ಸೇರಿ ಕಷ್ಟಸುಖ ಹೇಳಿಕೊಳ್ಳುವ ಇಂಥ ಗುಂಪು ಪ್ರತಿ ಹೋಬಳಿಗೂ ಬೇಕು. ನೆರೆಯ ಕೇರಳ ಇನ್ನೊಂದು ದಾರಿ ತೋರಿಸಿದೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ಆರಂಭಿಸಿದ ಉಪಶಮನ ಆರೈಕೆ ಮುಂದೆ ಊರ ಜನರ ಚಳವಳಿಯಾಯಿತು. ನೆರೆಹೊರೆಯ ಸ್ವಯಂಸೇವಕರೇ ನರ್ಸ್ ಜೊತೆ ಮನೆಗೆ ಬಂದು ರೋಗಿಯನ್ನು ನೋಡಿ, ಮನೆಯವರನ್ನೂ ಮಾತಾಡಿಸುತ್ತಾರೆ. 2008ರಲ್ಲಿ ಕೇರಳ ಸರ್ಕಾರ ಇದಕ್ಕೆಂದೇ ನೀತಿ ರೂಪಿಸಿತು. ಬೆಂಗಳೂರಿನಲ್ಲಿ ಕ್ಯಾನ್ಸರ್‌ನ ಕೊನೆಯ ಹಂತದವರಿಗೆ ಉಚಿತವಾಗಿ ಆರೈಕೆ ನೀಡುವ ‘ಕರುಣಾಶ್ರಯ’ 1999ರಿಂದ ನಡೆಯುತ್ತಿದೆ. ಇಂಥವು ಕಲಬುರಗಿಗೂ ಚಾಮರಾಜನಗರಕ್ಕೂ ಬೇಕು.

ಕಾಲೇಜು, ಕಚೇರಿ, ಸರ್ಕಾರ

ಶೇ 75ರ ಹಾಜರಾತಿ ಇಲ್ಲವೆಂದು ಹಾಲ್ ಟಿಕೆಟ್ ತಡೆಯುವ ಮುನ್ನ ಮೇಷ್ಟರು ಒಮ್ಮೆ ಕರೆದು ಕಾರಣ ಕೇಳಿದರೆ ಎಷ್ಟೋ ಹುಡುಗರ ವರ್ಷ ಉಳಿಯುತ್ತದೆ. ವಿದ್ಯಾರ್ಥಿಗೆ ಜ್ವರ ಬಂದರೆ ಮೆಡಿಕಲ್ ಸರ್ಟಿಫಿಕೇಟ್ ಒಪ್ಪುವ ಕಾಲೇಜು, ಅವನ ತಾಯಿಯ ಡಯಾಲಿಸಿಸ್ ಚೀಟಿಯನ್ನೂ ಒಪ್ಪಬೇಕು. ಎನ್‌ಎಸ್‌ಎಸ್ ಶಿಬಿರದಲ್ಲಿ ಗಿಡ ನೆಡುವ ವಿದ್ಯಾರ್ಥಿಗಳು ಸಹಪಾಠಿಯ ಮನೆಯಲ್ಲಿ ಸರದಿಯ ಮೇಲೆ ಒಂದು ಸಂಜೆ ಕೂತು ಬರುವುದನ್ನೂ ಸಮಾಜಸೇವೆಯೆಂದೇ ಲೆಕ್ಕ ಹಾಕಬಹುದು. ಕೆಲಸಕ್ಕೆ ಸೇರಿದ ಹೊಸಬರಿಗೆ ಆಸ್ಪತ್ರೆಯ ದಿನಗಳಲ್ಲಿ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಕೊಟ್ಟ ಕಂಪನಿ ಒಬ್ಬ ನಿಷ್ಠಾವಂತ ಉದ್ಯೋಗಿಯನ್ನು ಉಳಿಸಿಕೊಳ್ಳುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ನು ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಬಗ್ಗೆ ಹೇಳುತ್ತದೆ. ಕರ್ನಾಟಕ ಸರ್ಕಾರ 2024–25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್‌ನಂಥ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಮನೆಯಲ್ಲಿ ಆರೈಕೆ ಮಾಡುವುದೂ ದುಡಿಮೆಯೇ ಎಂದು ಸರ್ಕಾರ ಒಪ್ಪಿದ್ದು ದೊಡ್ಡದು. ಆದರೆ ಒಂದು ಸಾವಿರ ರೂಪಾಯಿ ತಿಂಗಳ ಡೈಪರಿಗೂ ಸಾಲುವುದಿಲ್ಲ. ಮೊತ್ತ ಏರಬೇಕು, ಪಟ್ಟಿಗೆ ಪಾರ್ಶ್ವವಾಯು, ಡಿಮೆನ್ಷಿಯಾ, ತೀವ್ರ ಮನೋರೋಗಗಳು ಸೇರಬೇಕು. ಓದುತ್ತಿರುವ ಆರೈಕೆದಾರರಿಗೆ ಶುಲ್ಕ ವಿನಾಯಿತಿಯೂ ಸಿಗಬೇಕು.

ನೀವೇ ಆ ಮಗಳು, ಆ ಮಗ ಆಗಿದ್ದರೆ

ಈ ಲೇಖನವನ್ನು ಹಾಸಿಗೆ ಪಕ್ಕ ಕೂತು ಓದುತ್ತಿದ್ದರೆ ನಿಮಗೆ ಕೆಲವು ಮಾತು. ನಿಮಗೆ ಬರುವ ಸಿಟ್ಟು, ಬೇಸರ, ಓಡಿಹೋಗಬೇಕೆನಿಸುವ ಆಸೆ ನಿಮ್ಮನ್ನು ಕೆಟ್ಟವರನ್ನಾಗಿ ಮಾಡುವುದಿಲ್ಲ. ಮನೆಯ ಹೊರಗೆ ಒಬ್ಬರಿಗಾದರೂ ನಿಜ ಹೇಳಿ, ಗೆಳತಿಯಾಗಲಿ, ಮೇಷ್ಟರಾಗಲಿ. ದಿನಕ್ಕೆ ಇಪ್ಪತ್ತು ನಿಮಿಷ ನಡೆದಾಡಿ. ಓದನ್ನು ಪೂರ್ತಿ ಬಿಡಬೇಡಿ. ಎರಡು ವಿಷಯ ಬರೆಯಲಾಗದಿದ್ದರೆ ಒಂದು ಬರೆಯಿರಿ, ದೂರ ಶಿಕ್ಷಣಕ್ಕೆ ಸೇರಿ, ಹೇಗಾದರೂ ಎಳೆ ಕಡಿಯದಂತೆ ನೋಡಿಕೊಳ್ಳಿ. ಎರಡು ವಾರ ಸತತವಾಗಿ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿದರೆ ಡಾಕ್ಟರ ಬಳಿ ನಿಮ್ಮ ಹೆಸರಿನಲ್ಲೇ ಚೀಟಿ ಮಾಡಿಸಿ. ಬದುಕೇ ಬೇಡ ಎನಿಸಿದರೆ ಒಂದು ಕ್ಷಣವೂ ತಡಮಾಡದೆ 14416ಕ್ಕೆ ಕರೆ ಮಾಡಿ, ಅಥವಾ ಹತ್ತಿರವಿರುವ ಯಾರನ್ನಾದರೂ ಎಬ್ಬಿಸಿ ಹೇಳಿ.

ರೋಗಿ ತೀರಿಕೊಂಡ ಮೇಲೂ ನಿಮಗೆ ಆಸರೆ ಬೇಕಾಗುತ್ತದೆ. ದಿನವಿಡೀ ಅಲಾರಂಗೆ ತಕ್ಕಂತೆ ಬದುಕಿದವರಿಗೆ ಇದ್ದಕ್ಕಿದ್ದಂತೆ ಕೈ ಬರಿದಾಗುತ್ತದೆ. ದುಃಖದ ಜೊತೆ ‘ಸದ್ಯ ಮುಗಿಯಿತು’ ಎಂಬ ನಿಟ್ಟುಸಿರು ಬರುತ್ತದೆ, ಅದರ ಹಿಂದೆಯೇ ಅಪರಾಧ ಭಾವ. ಆ ನಿಟ್ಟುಸಿರಿಗೆ ನೀವು ಹಕ್ಕುದಾರರು. ವೈಕುಂಠ ಸಮಾರಾಧನೆ ಮುಗಿಸಿ ನೆಂಟರು ಹೊರಟ ಮೇಲಿನ ತಿಂಗಳುಗಳಲ್ಲೇ ನಿಮ್ಮ ಜೊತೆ ಯಾರಾದರೂ ಇರಬೇಕು, ಅರ್ಧಕ್ಕೆ ನಿಂತ ಓದನ್ನು, ಕೆಲಸದ ಹುಡುಕಾಟವನ್ನು ಮತ್ತೆ ಶುರು ಮಾಡಲು ಕೈ ಹಿಡಿಯಬೇಕು.

ಉಳಿದ ನಮಗೆಲ್ಲ ಮಾಡಲು ಕೆಲಸವಿದೆ. ಕಾಯಿಲೆ ಬಿದ್ದವರನ್ನು ನೋಡಲು ಹೋಗುವುದು ನಮ್ಮಲ್ಲಿ ಇನ್ನೂ ಉಳಿದಿರುವ ಒಳ್ಳೆಯ ರೂಢಿ. ಮುಂದಿನ ಸಲ ಹಣ್ಣು, ಎಳನೀರು ಹಿಡಿದು ಹೋದಾಗ ರೋಗಿಯ ಜೊತೆ ಮಾತಾಡಿದ ಮೇಲೆ ಅವರನ್ನು ನೋಡಿಕೊಳ್ಳುವ ಹುಡುಗನನ್ನೋ ಹುಡುಗಿಯನ್ನೋ ಹೊರಗೆ ಕರೆದು ಕೂರಿಸಿ, ಈ ವಾರ ಪರೀಕ್ಷೆ ಇದೆಯೇ, ರಾತ್ರಿ ನಿದ್ದೆ ಆಗುತ್ತಿದೆಯೇ ಎಂದು ಕೇಳಿ. ಹೊರಡುವ ಮುನ್ನ ನೀವು ಮತ್ತೆ ಬಂದು ಕೂರುವ ದಿನ, ಹೊತ್ತು ಎರಡನ್ನೂ ಹೇಳಿ. ಹೇಳಿದ ದಿನ ತಪ್ಪದೆ ಹೋಗಿ.